ಬ್ರಾಯ್ಲರ್ ಕೋಳಿಯ ಆಹಾರದಲ್ಲಿ ಸಸ್ಯಸಾರಗಳು: ಒಂದು ಪ್ರಮಾಣವಿಚಾರ

ಕೋಳಿಯ ಆರೋಗ್ಯಕ್ಕಾಗಿಯೂ ಬೆಳವಣಿಗೆಗಾಗಿಯೂ ಅದರ ಆಹಾರದಲ್ಲಿ ಅರಿಷಿಣ, ಬೆಳ್ಳುಳ್ಳಿ, ಅಜವಾನ, ಬೇವು, ತುಳಸಿ, ನೆಲಬೇವು ಮೊದಲಾದವುಗಳ ಪುಡಿಯನ್ನೋ ಸಾರವನ್ನೋ ಬೆರೆಸುವ ವಿಷಯದಲ್ಲಿ ಕಳೆದ ಎರಡು ಮೂರು ದಶಕಗಳಿಂದ ಸಂಶೋಧನ ಲೇಖನಗಳು ವಿಪುಲವಾಗಿ ಹೊರಬರುತ್ತಿವೆ. ಈ ಲೇಖನಗಳ ರಚನೆಯಲ್ಲಿ ಒಂದು ಸಾಮಾನ್ಯ ಕ್ರಮವನ್ನು ಕಾಣಬಹುದು. ಪೀಠಿಕೆಯಲ್ಲಿ, ಈ ಸಸ್ಯವು ನಮ್ಮ ದೇಶದಲ್ಲಿ ಪ್ರಾಚೀನ ಕಾಲದಿಂದಲೂ ಔಷಧವಾಗಿ ಬಳಕೆಯಲ್ಲಿದೆ ಎಂಬ ವಾಕ್ಯವಿರುತ್ತದೆ. ನಡುವೆ ತೂಕ, ಆಹಾರಸೇವನೆ, ಸಾವಿನ ಪ್ರಮಾಣ ಇವುಗಳ ಕೋಷ್ಟಕಗಳು ಬರುತ್ತವೆ. ಕೊನೆಯಲ್ಲಿ, ರೈತರು ಇದನ್ನು ಬಳಸಬಹುದೆಂಬ ಶಿಫಾರಸು ಇರುತ್ತದೆ. ಕೋಷ್ಟಕಗಳು ಪಶುವಿಜ್ಞಾನಕ್ಕೆ ಸೇರಿದವು. ಪೀಠಿಕೆಯ ವಾಕ್ಯವಾದರೋ ಇತಿಹಾಸಕ್ಕೆ ಸೇರಿದ್ದು. ಮೊದಲಿನವನ್ನು ಅಳೆದು ನೋಡುವ ವಿದ್ವಾಂಸರು ಅನೇಕರುಂಟು. ಎರಡನೆಯದನ್ನು ಯಾರೂ ಪರೀಕ್ಷೆಗೆ ಒಡ್ಡಿದಂತೆ ತೋರುವುದಿಲ್ಲ. ಇತಿಹಾಸ ವಿಭಾಗದವರಾದ ನಾವು ಕೋಳಿಯ ಆಹಾರದ ಪ್ರಶ್ನೆಗೆ ಕೈಯಿಕ್ಕುವುದಕ್ಕೆ ಇದೇ ಕಾರಣ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಸಸ್ಯಸಾರಗಳ ಪರವಾಗಿ ಎರಡು ಬಗೆಯ ಪ್ರಮಾಣಗಳನ್ನು ಮುಂದಿಡಲಾಗುತ್ತದೆ: ಒಂದು ಪರಂಪರೆಯದು, ಇನ್ನೊಂದು ಪ್ರಯೋಗದ್ದು. ಎರಡಕ್ಕೂ ಅವವುಗಳದೇ ಆದ ಪರೀಕ್ಷೆಗಳಿವೆ. ಆದರೆ ಈ ಲೇಖನಗಳಲ್ಲಿ ಹಲವು, ಪ್ರಯೋಗದ ಕೊರತೆಯನ್ನು ಪರಂಪರೆಯ ಹೆಸರಿನಿಂದಲೂ ಪರಂಪರೆಯ ಕೊರತೆಯನ್ನು ಪ್ರಯೋಗದ ಅಂಕೆಗಳಿಂದಲೂ ಮುಚ್ಚುತ್ತವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಸೀಮೆಯಲ್ಲಿ ನಿಂತು ನೋಡಿದರೆ ಈ ದೋಷ ಸ್ಪಷ್ಟವಾಗುತ್ತದೆ. ಕೃಷ್ಣೆಯ ದಡದ ಈ ನೆಲದಲ್ಲಿ ಅರಿಷಿಣ ಬೆಳೆಯುತ್ತದೆ; ಕೋಳಿಯ ಆಹಾರದ ಮುಖ್ಯ ದ್ರವ್ಯಗಳಾದ ಗೋವಿನಜೋಳವೂ ಸೋಯಾಬೀನೂ ಬೆಳೆಯುತ್ತವೆ; ನಿಪ್ಪಾಣಿಯ ತಂಬಾಕು ಪ್ರಸಿದ್ಧವೇ ಆಗಿದೆ. ಪ್ರಶ್ನೆಯ ಎಲ್ಲ ಸಾಮಗ್ರಿಯೂ ಇಲ್ಲಿಯೇ ಇದೆ.

ಮೊದಲು, ಸಸ್ಯಸಾರದ ವಿಚಾರ ಏಕೆ ಹುಟ್ಟಿತೆಂಬುದನ್ನು ನೋಡೋಣ. 1940ರ ದಶಕದ ಕೊನೆಯಲ್ಲಿ ಅಮೇರಿಕೆಯ ಲೆಡರ್ಲೆ ಸಂಸ್ಥೆಯಲ್ಲಿ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್ ಎಂಬ ವಿಜ್ಞಾನಿಗಳು, ಆರಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಔಷಧದ ತಯಾರಿಕೆಯಲ್ಲಿ ಉಳಿದ ಗಸಿಯನ್ನು ತಿಂದ ಕೋಳಿಮರಿಗಳು ಬೇಗ ಬೆಳೆಯುವುದನ್ನು ಕಂಡರು. 1951ರಲ್ಲಿ ಅಮೇರಿಕೆಯ ಸರಕಾರ ಇಂಥ ಬಳಕೆಗೆ ಸಮ್ಮತಿಯಿತ್ತಿತು. ರೋಗವಿಲ್ಲದ ಕೋಳಿಗೂ ದಿನವೂ ಅಲ್ಪ ಪ್ರಮಾಣದ ಔಷಧವನ್ನು ತಿನ್ನಿಸುವ ಪದ್ಧತಿ ಹೀಗೆ ಬೇರೂರಿತು. ಇದರಿಂದ ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚುವುವೆಂದು 1969ರಲ್ಲಿಯೇ ಇಂಗ್ಲೆಂಡಿನ ಸ್ವಾನ್ ಸಮಿತಿ ಎಚ್ಚರಿಸಿತು. ಸ್ವೀಡನ್ 1986ರಲ್ಲಿ ಈ ಪದ್ಧತಿಯನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ನಿಷೇಧಿಸಿತು. ನಮ್ಮ ದೇಶದಲ್ಲಿ 2014ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ದಿಲ್ಲಿ ಸೀಮೆಯ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿ, ನೂರಕ್ಕೆ 40ರಲ್ಲಿ ಔಷಧದ ಶೇಷವನ್ನು ಕಂಡಿತು. 2019ರಲ್ಲಿ ಕೇಂದ್ರ ಸರಕಾರವು, ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ವಿಧಿಸಿತು. ಹೀಗೆ ತೆರವಾದ ಸ್ಥಾನಕ್ಕೆ ಸಸ್ಯಸಾರಗಳು ಉಮೇದುವಾರರಾಗಿ ಬಂದಿವೆ. ಉದ್ದೇಶ ಉದಾತ್ತವಾದದ್ದು. ಉದ್ದೇಶ ದೊಡ್ಡದಾದಷ್ಟೂ ಪ್ರಮಾಣವೂ ಗಟ್ಟಿಯಾಗಿರಬೇಕು. ಏಕೆಂದರೆ ನಿರರ್ಥಕವಾದ ದ್ರವ್ಯವನ್ನು ನಂಬಿದ ಸಾಕಣೆದಾರನು ಮಂದೆಯಲ್ಲಿ ರೋಗ ಹಬ್ಬಿದಾಗ ಮತ್ತೆ ಹಳೆಯ ಔಷಧಕ್ಕೇ, ಅದೂ ಹೆಚ್ಚಿನ ಪ್ರಮಾಣದಲ್ಲಿ, ಮೊರೆಹೋಗುವನು.

ಇನ್ನು ಪರಂಪರೆಯ ವಿಚಾರ. "ಪ್ರಾಚೀನ ಕಾಲದಿಂದಲೂ" ಎಂಬ ಮಾತಿಗೆ ಆಧಾರವೇನು? ಈ ಸೀಮೆಯು ಕಲ್ಯಾಣದ ಚಾಲುಕ್ಯರ ಆಳಿಕೆಗೆ ಒಳಪಟ್ಟಿದ್ದಿತು. ಆ ಕಾಲದ ಗ್ರಂಥಗಳನ್ನೇ ನೋಡಬಹುದು. ಸುಮಾರು 1025ರಲ್ಲಿ ರಚಿತವಾದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ವು ವೃಕ್ಷಾಯುರ್ವೇದದಿಂದ ಪಾಕಶಾಸ್ತ್ರದವರೆಗೆ ನಾನಾ ವಿಷಯಗಳನ್ನು ಕನ್ನಡದಲ್ಲಿ ಹೇಳುತ್ತದೆ. 12ನೆಯ ಶತಮಾನದ ಮೊದಲ ಭಾಗದಲ್ಲಿ ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ಬರೆದ 'ಗೋವೈದ್ಯ'ವು, ಹೆಸರೇ ಹೇಳುವಂತೆ, ದನಗಳ ಚಿಕಿತ್ಸೆಯ ಗ್ರಂಥ. ಅದೇ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕೋಳಿಗೆ ಒಂದು ಸ್ಥಾನವುಂಟು. ಆದರೆ ಅದು ವಿನೋದಗಳ ಸಾಲಿನಲ್ಲಿ, ಕೋಳಿಯ ಅಂಕದ ವಿಷಯವಾಗಿ ಬರುತ್ತದೆ. ದನ ಕೃಷಿಗೆ ಬೇಕು, ಕಾಳಗದ ಹುಂಜ ಅರಸನ ವಿನೋದಕ್ಕೆ ಬೇಕು. ಮಾಂಸಕ್ಕಾಗಿ ಕೋಳಿಯ ತೂಕವನ್ನು ತ್ವರೆಯಾಗಿ ಹೆಚ್ಚಿಸುವುದು ಈ ಗ್ರಂಥಗಳು ಎತ್ತಿಕೊಂಡ ಪ್ರಶ್ನೆಯಲ್ಲ. ಅರಿಷಿಣವು ಮನುಷ್ಯನ ವ್ರಣಕ್ಕೆ ಹಿತವೆಂದು ವೈದ್ಯಗ್ರಂಥಗಳು ಹೇಳಿರುವುದು ನಿಜ. ಆ ವಾಕ್ಯವನ್ನು ಕೋಳಿಯ ತೂಕದ ಪ್ರಮಾಣವಾಗಿ ಮಾಡುವುದು, ಒಂದು ಊರಿನ ದಾನಶಾಸನವನ್ನು ಮತ್ತೊಂದು ಊರಿನ ಹೊಲಕ್ಕೆ ಪತ್ರವೆಂದು ತೋರಿಸಿದಂತಾಗುತ್ತದೆ.

ಹಾಗಾದರೆ ಪರಂಪರೆಯೇ ಇಲ್ಲವೆ? ಉಂಟು; ಆದರೆ ಅದು ಗ್ರಂಥಗಳಲ್ಲಿಲ್ಲ. ಹಿತ್ತಲಿನಲ್ಲಿ ನಾಲ್ಕು ಜವಾರಿ ಕೋಳಿಗಳನ್ನು ಸಾಕಿ, ತತ್ತಿ ಮಾರಿ, ಸಂತೆಯ ಖರ್ಚನ್ನು ತೂಗಿಸುತ್ತ ಬಂದ ಹೆಂಗಸರಲ್ಲಿ ಅದು ಇದೆ. ಮರಿ ಮುದುಡಿ ಕುಳಿತರೆ ಬೆಳ್ಳುಳ್ಳಿಯನ್ನು ಜಜ್ಜಿ ತಿನ್ನಿಸುವುದು, ಗಾಯಕ್ಕೆ ಅರಿಷಿಣವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುವುದು ಇಂಥ ಮನೆಮದ್ದುಗಳು. ಕೋಳಿ ಸಾಕಿದವರ ಕೈಯಲ್ಲಿ ಓಲೆ ಬರೆಯುವ ಕಂಠವಿರಲಿಲ್ಲ. ಕಂಠ ಹಿಡಿದವರಿಗೆ ಹಿತ್ತಲಿನ ಕೋಳಿ ಲೆಕ್ಕಕ್ಕೆ ಬಂದ ವಸ್ತುವಾಗಿರಲಿಲ್ಲ. ಆತಕೂರಿನಲ್ಲಿ ಕಾಳಿ ಎಂಬ ಬೇಟೆನಾಯಿಯ ಸ್ಮರಣೆಗೆ 10ನೆಯ ಶತಮಾನದ ಕಲ್ಲು ನಿಂತಿದೆ. ಅರಸನ ಬೇಟೆಗೆ ಸೇರಿದ ಪ್ರಾಣಿಗೆ ಬರಹದ ಭಾಗ್ಯ ಬಂದಿತು. ಪೀಠಿಕೆಯ ಲೇಖಕರು ಶಾಸ್ತ್ರಗ್ರಂಥಗಳಲ್ಲಿ ಇಲ್ಲದ ಪರಂಪರೆಯನ್ನು ಅಲ್ಲಿ ಉಂಟೆಂದು ಹೇಳಿ, ಬಾಯಿಂದ ಬಾಯಿಗೆ ಬಂದು ಇನ್ನೂ ಜೀವಂತವಾಗಿರುವ ಪರಂಪರೆಯನ್ನು ಕೇಳದೆಯೆ ಬಿಡುತ್ತಾರೆ. ಇದು ಕೇವಲ ಉಲ್ಲೇಖದ ದೋಷವಲ್ಲ. ಯಾರ ತಿಳಿವಳಿಕೆಯನ್ನು ಬಳಸಿಕೊಳ್ಳುತ್ತಿದ್ದೇವೋ ಅವರ ಹೆಸರನ್ನು ಅಳಿಸಿ, ಅದನ್ನು 'ಪ್ರಾಚೀನರ' ಲೆಕ್ಕಕ್ಕೆ ಜಮೆ ಮಾಡಿದಂತಾಗುತ್ತದೆ.

ಈ ಜೀವಂತ ಪರಂಪರೆಯ ಸಾಕ್ಷ್ಯವನ್ನೂ ಹಾಗೆಯೇ ಬ್ರಾಯ್ಲರ್ ಕೋಳಿಗೆ ಅನ್ವಯಿಸಲು ಬರುವುದಿಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜುಯ್ಡ್‌ಹಾಫ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇತಿಹಾಸಕಾರರಿಗೂ ಉಪಯುಕ್ತವಾದದ್ದು. ಅವರು 1957, 1978 ಮತ್ತು 2005ರ ತಳಿಗಳನ್ನು ಒಂದೇ ಆಹಾರದ ಮೇಲೆ ಬೆಳೆಸಿದರು. 56ನೆಯ ದಿನ ಅವುಗಳ ತೂಕ ಕ್ರಮವಾಗಿ 905, 1,808 ಮತ್ತು 4,202 ಗ್ರಾಂ ಆಗಿದ್ದಿತು. ಆಹಾರ ಒಂದೇ ಆಗಿದ್ದರೂ ಅರ್ಧ ಶತಮಾನದೊಳಗೆ ತೂಕ ನಾಲ್ಕು ಪಟ್ಟಿಗೂ ಮಿಕ್ಕು ಹೆಚ್ಚಿತು. ಹಿತ್ತಲಿನ ಜವಾರಿ ಕೋಳಿ ಹುಳುಹುಪ್ಪಟೆ ತಿಂದು, ಮಣ್ಣು ಕೆದರಿ, ತಿಂಗಳುಗಟ್ಟಲೆ ಬದುಕುತ್ತದೆ. ಬ್ರಾಯ್ಲರ್ ಕೋಳಿ ಸಾವಿರಾರು ಜೊತೆಯವುಗಳೊಡನೆ ಒಂದೇ ಶೆಡ್ಡಿನಲ್ಲಿ, ಒಂದೇ ಬಗೆಯ ಫೀಡನ್ನು ತಿಂದು, ಸುಮಾರು ಆರು ವಾರಗಳಲ್ಲಿ ಮಾರುಕಟ್ಟೆಗೆ ಹೋಗುತ್ತದೆ. ಎರಡಕ್ಕೂ ಹೆಸರು ಕೋಳಿಯೇ, ದೇಹಧರ್ಮ ಬೇರೆ. ಅಜ್ಜಿಯ ಮದ್ದು ಅಜ್ಜಿಯ ಕೋಳಿಗೆ ಫಲಕಾರಿಯಾಗಿದ್ದರೂ ಈ ಹೊಸ ಕೋಳಿಯ ವಿಷಯದಲ್ಲಿ ಅದು ಒಂದು ಸೂಚನೆ ಮಾತ್ರ. ಪರೀಕ್ಷೆಗೆ ಯೋಗ್ಯವಾದ ಸೂಚನೆ.

ಸಸ್ಯದ ಗುರುತಿನ ಪ್ರಶ್ನೆಯೂ ಇದೆ. ಎರಡು ಭಾಷೆಗಳು ಬೆರೆತಿರುವ ಈ ಗಡಿಸೀಮೆಯಲ್ಲಿ ಇದು ಇನ್ನಷ್ಟು ತೊಡಕಾಗುತ್ತದೆ. ಮೈಸೂರು ಕಡೆಯವರು ಓಮವೆನ್ನುವುದನ್ನು ಇಲ್ಲಿ ಅಜವಾನವೆನ್ನುತ್ತಾರೆ. ಮರಾಠಿ ಮಾತಾಡುವವರು ಓವಾ ಎನ್ನುತ್ತಾರೆ. ಅದರ ವಾಸನೆಯನ್ನೇ ಹೋಲುವ ದೊಡ್ಡಪತ್ರೆಗೂ ಕೆಲವರು ಅಜವಾನದ ಎಲೆಯೆಂದೇ ಹೇಳುವುದುಂಟು. ಮೊದಲನೆಯದು ಕೊತ್ತಂಬರಿಯ ಕುಲದ್ದು, ಎರಡನೆಯದು ತುಳಸಿಯ ಕುಲದ್ದು. ಇಂಗ್ಲಿಷ್ ಲೇಖನಗಳಲ್ಲಿ ಮತ್ತೆ ಮತ್ತೆ ಬರುವ ಒರೆಗಾನೊ ಇವೆರಡೂ ಅಲ್ಲದ, ಮೆಡಿಟರೇನಿಯನ್ ಸಮುದ್ರದ ಸೀಮೆಯ ಗಿಡ. ನೆಲಬೇವು, ನೆಲನೆಲ್ಲಿ ಇವು ಹೆಸರಿನಲ್ಲಿ ಹತ್ತಿರವಾದರೂ ಬೇರೆ ಬೇರೆ ಗಿಡಗಳು. ಆದುದರಿಂದ ಊರಿನ ಹೆಸರು, ಹೇಳಿದವರ ಭಾಷೆ, ಒಣಗಿಸಿಟ್ಟ ಗಿಡದ ಮಾದರಿ ಈ ಮೂರೂ ಇಲ್ಲದ 'ಸ್ಥಳೀಯ ಬಳಕೆ'ಯ ಉಲ್ಲೇಖವು, ಸಿಕ್ಕ ಸ್ಥಳ ತಿಳಿಯದ ತಾಮ್ರಪಟದಂತೆ, ಶಂಕೆಯಿಂದ ನೋಡತಕ್ಕದ್ದು. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಮತ್ತು ರೈಸ್ ಇವರ ನಡುವೆ ನಡೆದ ದೀರ್ಘವಾದವನ್ನು ಬಲ್ಲ ವಾಚಕರಿಗೆ ಈ ಎಚ್ಚರದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಈಗ ಪ್ರಯೋಗದ ಪ್ರಮಾಣಕ್ಕೆ ಬರೋಣ. 2008ರಲ್ಲಿ ವಿಂಡಿಶ್ ಮತ್ತು ಅವರ ಸಹಲೇಖಕರು 'ಜರ್ನಲ್ ಆಫ್ ಅನಿಮಲ್ ಸೈನ್ಸ್' ಪತ್ರಿಕೆಯಲ್ಲಿ ಹಂದಿ ಮತ್ತು ಕೋಳಿಗಳ ಆಹಾರದಲ್ಲಿ ಸಸ್ಯದ್ರವ್ಯಗಳ ಬಳಕೆಯನ್ನು ಸಮೀಕ್ಷಿಸಿದರು. ಗಾಜಿನ ತಟ್ಟೆಯಲ್ಲಿ ರೋಗಾಣುಗಳನ್ನು ತಡೆಯುವ ಶಕ್ತಿ ಅನೇಕ ಸಸ್ಯಸಾರಗಳಿಗೆ ಇರುವುದು ಸಿದ್ಧವಾಗಿದ್ದರೂ, ಜೀವಂತ ಪ್ರಾಣಿಯಲ್ಲಿ ಅದಕ್ಕೆ ದೊರೆತ ಸಾಕ್ಷ್ಯ ಮಿತವಾದದ್ದೆಂಬುದು ಅವರ ನಿರ್ಣಯ. ಆ ಮೇಲೆ ಪ್ರಯೋಗಗಳ ಸಂಖ್ಯೆ ಬಹಳ ಬೆಳೆದಿದೆ; ಆದರೂ ಅವರು ತೋರಿಸಿದ ಮೂಲ ತೊಡಕು ಹಾಗೆಯೇ ಇದೆ. ಒಂದೇ ಗಿಡದ ಸತ್ತ್ವವು ನೆಲ, ಕೊಯ್ಲಿನ ಕಾಲ, ಸಂಸ್ಕರಣದ ವಿಧಾನ ಇವುಗಳನ್ನು ಅನುಸರಿಸಿ ಬದಲಾಗುತ್ತದೆ. ಅರಿಷಿಣದ ಕರ್ಕ್ಯುಮಿನ್ ಅಂಶ ತಳಿಯಿಂದ ತಳಿಗೆ ಎರಡು ಮೂರು ಪಟ್ಟು ವ್ಯತ್ಯಾಸವಾಗುವುದುಂಟು. ಪುಡಿಗೂ ಸಾರಕ್ಕೂ ಇರುವ ಅಂತರವಂತೂ ದೊಡ್ಡದು. ಹೀಗಿರುವಾಗ 'ನೂರಕ್ಕೆ ಅರ್ಧ ಪಾಲು ಅರಿಷಿಣ' ಎಂದಷ್ಟೇ ಬರೆದರೆ ಕೊಟ್ಟದ್ದೇನೆಂದು ತಿಳಿಯುವುದಿಲ್ಲ.

ಶೆಡ್ಡಿನ ಸ್ಥಿತಿ ಎರಡನೆಯ ತೊಡಕು. 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಮೇರಿ ಕೋಟ್ಸ್ ಮತ್ತು ಸಂಗಡಿಗರು ಒಂದು ಮಹತ್ತ್ವದ ಸಂಗತಿಯನ್ನು ಕಂಡಿದ್ದರು. ಹಳೆಯ ಕೋಳಿಮನೆಯಲ್ಲಿ ಆ್ಯಂಟಿಬಯಾಟಿಕ್‌ನಿಂದ ಬೇಗ ಬೆಳೆದ ಮರಿಗಳು, ಹಿಂದೆ ಕೋಳಿಗಳೇ ಇರದಿದ್ದ ಸ್ವಚ್ಛವಾದ ಮನೆಯಲ್ಲಿ ಅಂಥ ಬೆಳವಣಿಗೆಯನ್ನು ತೋರಲಿಲ್ಲ. ಎಂದರೆ, ಔಷಧ ಕೊಟ್ಟ ಲಾಭದ ಬಹುಭಾಗ ಸ್ವಚ್ಛತೆ ಕೊಡಬಹುದಾದ ಲಾಭವೇ ಆಗಿದ್ದಿತು. ಸಸ್ಯಸಾರದ ಲೇಖನಗಳು ಈ ಪಾಠವನ್ನು ನೆನೆಯಬೇಕು. ಹಾಸಿದ ಹೊಟ್ಟು ಹೊಸದೋ ಹಳೆಯದೋ, ಗಾಳಿ ಎಷ್ಟು, ಮೂಲ ಆಹಾರದಲ್ಲಿ ರಕ್ತಭೇದಿಯನ್ನು ತಡೆಯುವ ಔಷಧ ಮೊದಲೇ ಇದ್ದಿತೋ ಇಲ್ಲವೋ ಇದನ್ನು ಹೇಳದ ಕೋಷ್ಟಕವು ಅರ್ಧ ಸಾಕ್ಷ್ಯ. ಎಣಿಕೆಯ ದೋಷವೂ ಸಾಮಾನ್ಯ. ಒಂದು ಅಂಕಣದಲ್ಲಿ 20 ಕೋಳಿಗಳು ಒಂದೇ ತೊಟ್ಟಿಯಿಂದ ತಿಂದರೆ ಆಹಾರದ ಪ್ರಯೋಗಕ್ಕೆ ಅದು ಒಂದು ಸಾಕ್ಷಿಯೇ ಹೊರತು ಇಪ್ಪತ್ತಲ್ಲ. ಒಂದೇ ಶಾಸನದ ಇಪ್ಪತ್ತು ಪ್ರತಿಗಳು ಇಪ್ಪತ್ತು ಶಾಸನಗಳಾಗುವುದಿಲ್ಲವಷ್ಟೆ.

ಒಳ್ಳೆಯ ಮಾದರಿಗಳೂ ಇವೆಯೆಂಬುದನ್ನು ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಬೆಂಗಳೂರಿನ ರಾಷ್ಟ್ರೀಯ ಪಶುಪೋಷಣ ಸಂಸ್ಥೆಯ ಎನ್. ಕೆ. ಎಸ್. ಗೌಡರು ಅಮೇರಿಕೆಯ ಮಿಸೌರಿ ವಿಶ್ವವಿದ್ಯಾಲಯದ ವಿದ್ವಾಂಸರೊಡನೆ ನಡೆಸಿ, 2008ರಲ್ಲಿ 'ಪೌಲ್ಟ್ರಿ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಅಂಥದು. ಬೂಷ್ಟು ಹಿಡಿದ ಧಾನ್ಯದಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಅವರ ವಿಷಯ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾಹಿಂಡಿಯನ್ನು ತಿಂದ ಸುಮಾರು ಒಂದು ಲಕ್ಷ ಟರ್ಕಿಕೋಳಿಗಳು ಸತ್ತಾಗ ಈ ವಿಷದ ಶೋಧ ಮೊದಲಾಯಿತು. ಗೌಡರ ಪ್ರಯೋಗದಲ್ಲಿ ಕಿಲೋ ಆಹಾರಕ್ಕೆ 1 ಮಿಲಿಗ್ರಾಂ ವಿಷವನ್ನು ಬೆರೆಸಿ, ಕೆಲವು ಗುಂಪುಗಳಿಗೆ ಕಿಲೋವಿಗೆ 5 ಗ್ರಾಂ ಅರಿಷಿಣದ ಪುಡಿಯನ್ನು ಸೇರಿಸಲಾಯಿತು. ಪುಡಿಯಲ್ಲಿದ್ದ ಕರ್ಕ್ಯುಮಿನ್ ಅಂಶವನ್ನು ಮೊದಲೇ ಅಳೆದಿದ್ದರು. ಲೇಖನದ ಶೀರ್ಷಿಕೆಯಲ್ಲಿಯೇ ಆ ಮಾತಿದೆ. ಅರಿಷಿಣವು ವಿಷದ ಕೆಡುಕನ್ನು ಭಾಗಶಃ ತಗ್ಗಿಸಿತು. ಕೊಟ್ಟದ್ದೇನು, ಎಷ್ಟು, ಯಾವ ಕೇಡಿನ ವಿರುದ್ಧ, ಎಷ್ಟರಮಟ್ಟಿಗೆ ಎಂಬ ನಾಲ್ಕು ಪ್ರಶ್ನೆಗಳಿಗೂ ಇಲ್ಲಿ ಉತ್ತರವುಂಟು. ಪ್ರಾಚೀನತೆಯ ಹಂಗಿಲ್ಲದೆಯೆ ಅರಿಷಿಣಕ್ಕೆ ಒಂದು ನಿಶ್ಚಿತ ಸ್ಥಾನ ದೊರೆಯಿತು. ಗೋವಿನಜೋಳವನ್ನು ಚೆನ್ನಾಗಿ ಒಣಗಿಸಿ ಬೂಷ್ಟು ಬಾರದಂತೆ ಇಡುವುದು ಇದಕ್ಕಿಂತ ಮೊದಲಿನ ಕರ್ತವ್ಯವೆಂಬುದನ್ನು ಮಾತ್ರ ನಮ್ಮ ಸೀಮೆಯ ರೈತರು ಮರೆಯಬಾರದು.

ಸಸ್ಯಜನ್ಯವಾದದ್ದು ನಿರಪಾಯಕರವೆಂಬ ಭಾವನೆಯನ್ನೂ ಈ ಸಾಹಿತ್ಯವು ಬೆಳೆಸುತ್ತಿದೆ. ಇದಕ್ಕೆ ಉತ್ತರವನ್ನು ನಿಪ್ಪಾಣಿಯ ಬೆಳೆಯೇ ಕೊಡುತ್ತದೆ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೇರಿಕೆಯ ಕೋಳಿಸಾಕಣೆದಾರರು ಜಂತುಹುಳುಗಳನ್ನು ಕೊಲ್ಲಲು ತಂಬಾಕಿನ ಪುಡಿಯನ್ನು ಆಹಾರದಲ್ಲಿ ಬೆರೆಸುತ್ತಿದ್ದರು. ಹೇನುಗಳನ್ನು ಕೊಲ್ಲಲು ಕೋಳಿ ಕೂಡುವ ಅಡ್ಡಗೋಲುಗಳಿಗೆ ನಿಕೋಟಿನ್ ಸಲ್ಫೇಟನ್ನು ಬಳಿಯುತ್ತಿದ್ದರು. ಅದೂ ಸಸ್ಯಸಾರವೇ, ಫಲಕಾರಿಯೂ ಆಗಿದ್ದಿತು. ಆದರೆ ನಿಕೋಟಿನ್ ಚರ್ಮದ ಮೂಲಕವೂ ಮೈಸೇರುವ ಉಗ್ರ ವಿಷ. ಮದ್ದಿಗೂ ಮರಣಕ್ಕೂ ನಡುವಿನ ಅಂತರ ಕಿರಿದು. ಹೆಚ್ಚು ಕ್ಷೇಮಕರವಾದ ಔಷಧಗಳು ಬಂದೊಡನೆ ಅದು ಹಿಂದೆ ಸರಿಯಿತು. ಇನ್ನೊಂದು ಕಡೆ, ಕೊಕ್ಕರೆ ರೋಗದಂಥ ವೈರಾಣುಜನ್ಯ ಪಿಡುಗಿಗೆ ಲಸಿಕೆಯೇ ರಕ್ಷೆ. ಸಸ್ಯಸಾರವನ್ನು ಲಸಿಕೆಯ ಬದಲಿಗೆ ಇಡುವ ಯಾವ ಮಾತನ್ನೂ ಒಪ್ಪಲಾಗದು.

ಕೊನೆಯದಾಗಿ, ಈ ಐದು ತಾಲೂಕುಗಳಿಗೆ ಇದರಿಂದ ಆಗುವುದೇನು? ಲೇಖನಗಳ ಶಿಫಾರಸು 'ರೈತ'ನನ್ನು ಕುರಿತದ್ದು. ಆದರೆ ಕರಾರಿನ ಪದ್ಧತಿಯಲ್ಲಿ ಬ್ರಾಯ್ಲರ್ ಸಾಕುವವನಿಗೆ ಮರಿ, ಆಹಾರ, ಔಷಧ ಮೂರೂ ಕಂಪನಿಯಿಂದಲೇ ಬರುತ್ತವೆ. ಶೆಡ್ಡು, ನೀರು, ಕರೆಂಟು, ದುಡಿಮೆ ಇವು ಮಾತ್ರ ಅವನವು. ಆಹಾರದಲ್ಲಿ ಏನನ್ನು ಬೆರೆಸಬೇಕೆಂಬ ನಿರ್ಣಯ ಅವನ ಕೈಯಲ್ಲಿಲ್ಲ. ಅವನಿಗೆ ಉಳಿದ ದಾರಿಯೆಂದರೆ ನೀರಿನಲ್ಲಿ ಕೂಡಿಸುವ ಬಾಟಲಿಯ ಟಾನಿಕ್ಕು. ಸಂಶೋಧನೆಯ ಗುಣವನ್ನು ಪರೀಕ್ಷಿಸುವ ಸಾಧನವಿಲ್ಲದವನಿಗೆ ಪೀಠಿಕೆಯ 'ಪ್ರಾಚೀನ' ಎಂಬ ಮಾತೇ ಬಾಟಲಿಯ ಚೀಟಿಯ ಮೇಲೆ ಅಚ್ಚಾಗಿ ಬರುತ್ತದೆ. ಇತಿಹಾಸದ ಹೆಸರಿನಲ್ಲಿ ಅವನ ಹಣ ಹೋಗುತ್ತದೆ.

ಅರಿಷಿಣ ಬೆಳೆಯುವವನಿಗೂ ಒಂದು ಲೆಕ್ಕವನ್ನು ಒಪ್ಪಿಸಬೇಕು. ಒಂದು ಬ್ರಾಯ್ಲರ್ ಕೋಳಿ ತನ್ನ ಆಯುಸ್ಸಿನಲ್ಲಿ ಸುಮಾರು ಮೂರೂವರೆ ಕಿಲೋ ಆಹಾರ ತಿನ್ನುವುದೆಂದಿಟ್ಟುಕೊಂಡರೆ, ಕಿಲೋವಿಗೆ 5 ಗ್ರಾಂ ಪ್ರಕಾರ ಅದಕ್ಕೆ ಬೇಕಾಗುವ ಅರಿಷಿಣ 17.5 ಗ್ರಾಂ. ಸಾವಿರ ಕೋಳಿಗೆ 17.5 ಕಿಲೋ. ಎಕರೆಗೆ 20 ಕ್ವಿಂಟಲ್ ಒಣ ಅರಿಷಿಣ ಬಂದಿತೆಂದು ಭಾವಿಸಿದರೆ, ಒಂದೇ ಎಕರೆಯ ಬೆಳೆ ಒಂದು ಲಕ್ಷಕ್ಕೂ ಮಿಕ್ಕ ಕೋಳಿಗಳಿಗೆ ಸಾಕು. ಸಾಂಗ್ಲಿಯ ಪೇಟೆಯ ಏರಿಳಿತವನ್ನು ನಂಬಿರುವ ಬೆಳೆಗಾರನಿಗೆ ಕೋಳಿಯ ಆಹಾರವು ದೊಡ್ಡ ಆಸರೆಯಾಗುವುದೆಂಬ ಭರವಸೆಯನ್ನು ಅಳೆದು ಆಡಬೇಕೆಂಬುದು ಇದರಿಂದ ಸ್ಪಷ್ಟ.

ಆದುದರಿಂದ ನಮ್ಮ ಸೂಚನೆಗಳು ಸರಳವಾದವು. ಪರಂಪರೆಯನ್ನು ಉಲ್ಲೇಖಿಸುವವರು ಗ್ರಂಥದ ಸ್ಥಳವನ್ನಾಗಲಿ ಹೇಳಿಕೆಯ ಊರು, ಕಾಲ, ಗಿಡಗಳನ್ನಾಗಲಿ ನಮೂದಿಸಲಿ. ಅದಾಗದಿದ್ದರೆ ಆ ವಾಕ್ಯವನ್ನು ಬಿಡಲಿ. ಪ್ರಯೋಗ ಮಾಡುವವರು ಸತ್ತ್ವಾಂಶವನ್ನು ಅಳೆಯಲಿ, ಶೆಡ್ಡಿನ ಸ್ಥಿತಿಯನ್ನು ವರ್ಣಿಸಲಿ, ಫಲ ಕಾಣದ ಪ್ರಯೋಗಗಳನ್ನೂ ಪ್ರಕಟಿಸಲಿ, ಫಲಿತಾಂಶವನ್ನು ಕನ್ನಡದಲ್ಲಿಯೂ ಕೊಡಲಿ. ಇತಿಹಾಸ ವಿಭಾಗಗಳು ಪಶುವೈದ್ಯರೊಡನೆ ಕೂಡಿ ಈ ತಾಲೂಕುಗಳ ಹಿತ್ತಲುಗಳಿಗೆ ಹೋಗಲಿ. ಜವಾರಿ ಕೋಳಿ ಸಾಕಿದ ಹಿರಿಯ ಹೆಂಗಸರು ಹೇಳುವುದನ್ನು, ಅವರು ಒಪ್ಪಿದರೆ ಅವರ ಹೆಸರಿನೊಡನೆಯೆ, ಬರೆದಿಡಲಿ. ಕಾಗವಾಡ, ನಿಪ್ಪಾಣಿಗಳು 2018ರಲ್ಲಿ ಹೊಸ ತಾಲೂಕುಗಳಾಗಿ ಅವುಗಳ ದಫ್ತರಗಳು ಬೇರೆಯಾದವು. ಈ ತಿಳಿವಳಿಕೆ ಮಾತ್ರ ಇನ್ನೂ ಯಾವ ದಫ್ತರಕ್ಕೂ ಏರಿಲ್ಲ. ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸಸ್ಯಸಾರದ ಪ್ರಯೋಗವನ್ನು ಮುಂದಿನ ವರ್ಷವೂ ಮಾಡಬಹುದು. ಈ ಸಂಗ್ರಹಕಾರ್ಯವನ್ನು ಮುಂದೂಡಲಾಗದು.